ಆರನೇ ಪುಸ್ತಕ

ಜನವರಿ 9

ಅಣ್ಣ,

ಈ ಒಂದು ಕಾಗದವನ್ನು ಅತ್ತಿಗೆ ಓದಿ ಹೇಳಲಿ. ಇದಾದ ಮೇಲೆ ಅವರನ್ನು ಕರೆಯುವ ಹಾಗಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಅಷ್ಟು ಹೊತ್ತು ಗಂಟಲು ಸರಿಮಾಡಿಕೊಂಡು, ಹವಾಮಾನದ ಸಮಾಚಾರವೆಲ್ಲ ಹೇಳಿ, ಕೊನೆಗೆ "ಗಿಳಿ, ನಂಗೆ ಓದೋಕೆ ಕಲಿಸ್ತೀಯಾ?" ಅಂದಾಗ ನಾನು ಥಟ್ಟನೆ ಫೋನ್ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಅಳು ಬಂದಿತ್ತು, ಎದುರಿಗೆ ಆಫೀಸಿನ ಜನ ಕೂತಿದ್ದರು. ಐವತ್ತೊಂದು ವರ್ಷದಲ್ಲಿ ನೀನು ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ. ದಾರಕ್ಕೆ ಬಣ್ಣ ಹಾಕುವ ನಿಮ್ಮ ಕಾರ್ಖಾನೆಯಲ್ಲಿ ಹೊಸ ಮ್ಯಾನೇಜರು ಪೀಪಾಯಿಗಳ ಮೇಲಿನ ಗುರುತುಗಳನ್ನೆಲ್ಲ ಅಳಿಸಿ ಬರೀ ಚೀಟಿ ಅಂಟಿಸುತ್ತಿದ್ದಾರೆ, ಇನ್ನು ಗುರುತು ನೋಡಿ ಕೆಲಸ ಮಾಡಲು ಆಗುವುದಿಲ್ಲ ಅಂತ ಅತ್ತಿಗೆ ಆಮೇಲೆ ಹೇಳಿದರು. ಆ ಮ್ಯಾನೇಜರಿಗೆ ಒಳ್ಳೆಯದಾಗಲಿ. ನಾನು ಇಷ್ಟು ವರ್ಷ ಮಾಡಲಾಗದ ಕೆಲಸವನ್ನು ಒಂದು ಡಬ್ಬಿ ಬಿಳಿ ಬಣ್ಣದಲ್ಲಿ ಮಾಡಿಬಿಟ್ಟರು.

ನನ್ನ ಆಫೀಸಿನಲ್ಲಿ ಏನು ಕೆಲಸ ಅಂತ ನೀನು ಎಂದೂ ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ನಿನ್ನ ಮುಂದೆ ಅದನ್ನು ಹೇಳುವುದೆಂದರೆ ಗಾಯದ ಮೇಲೆ ಬರೆ ಎಳೆದ ಹಾಗೆ ಅಂತ ಸುಮ್ಮನಿದ್ದೆ. ನಾವು ದೊಡ್ಡವರಿಗೆ ಓದು ಕಲಿಸುವ ಪುಸ್ತಕ ಮಾಡುತ್ತೇವೆ. ಶಾಲೆ ಕಾಣದವರಿಗಷ್ಟೇ ಅಲ್ಲ, ನಿನ್ನ ಹಾಗೆ ಹೋಗಿಯೂ ಓದು ಹತ್ತದವರಿಗೆ. ಒಟ್ಟು ಎಂಟು. ಮೊದಲನೆಯದರಲ್ಲಿ ಹತ್ತೇ ಅಕ್ಷರ, ಆ ಹತ್ತರಲ್ಲೇ ಕತೆ. ನಾಲ್ಕರ ಹೊತ್ತಿಗೆ ಕಾಗುಣಿತ ಮುಗಿಯುತ್ತದೆ. ಐದು ಅದನ್ನೇ ಗಟ್ಟಿ ಮಾಡಲಿಕ್ಕೆ. ಆರರಿಂದ ಒತ್ತಕ್ಷರ. ಕಲಿಯದ ಒಂದಕ್ಷರವೂ ನಿನ್ನ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಊಹೆ ಮಾಡುವ ಅಗತ್ಯ ಇಲ್ಲ, ಮಾಡಲೂಬಾರದು. ನೀನು ಹುಟ್ಟಿದಾಗಿನಿಂದ ಊಹೆಯ ಮೇಲೆಯೇ ಬದುಕಿದವನು, ಅದನ್ನು ಬಿಡಿಸುವುದೇ ಕಷ್ಟದ ಭಾಗ.

ಇಲಿ ಬೆಕ್ಕಿನ ಕತೆ ಇರುತ್ತದೆ ಅಂತ ಹೆದರಬೇಡ. ಮೀಸೆ ಬಂದವರಿಗೆ ಬೆಕ್ಕು ಹಾಲು ಕುಡಿಯಿತು ಅಂತ ಓದಿಸಿದರೆ ಪುಸ್ತಕ ಮುಚ್ಚಿ ಎದ್ದು ಹೋಗುತ್ತಾರೆ. ಅಕ್ಷರ ಕಡಿಮೆ ಇರಬಹುದು, ವಿಷಯ ಮಾತ್ರ ದೊಡ್ಡವರದ್ದೇ.

ಇನ್ನು ನನ್ನ ಕಟ್ಟಳೆ. ಫೋನ್ ಇಲ್ಲ, ಬರೀ ಕಾಗದ. ನಿನಗೆ ಬಂದ ಅಕ್ಷರಗಳಲ್ಲೇ ನಾನೂ ಬರೆಯುತ್ತೇನೆ. ಒತ್ತಕ್ಷರ ಬರುವವರೆಗೆ ನಿನ್ನನ್ನು ಅಣ್ಣ ಅನ್ನುವ ಹಾಗಿಲ್ಲ, ಅಮ್ಮ ಬೈಯುವಾಗ ಕರೆಯುತ್ತಿದ್ದ ಹಾಗೆ ದೊರೆ ಅನ್ನುತ್ತೇನೆ. ಯಾರಿಗೂ ತಿಳಿಯುವುದಿಲ್ಲ. ನಿನಗೆ, ನನಗೆ, ಅತ್ತಿಗೆಗೆ. ಅಷ್ಟೇ.

ಗಿಳಿ

ಮಾರ್ಚ್ 2

ಗಿಳಿಗೆ,

ಇದು ನಾನು ಬರೆದ ಕಾಗದ. ನಾನೇ ಬರೆದೆ. ಮನೆಯವಳು ನೋಡಲು ಬಂದಳು. ಬೇಡ, ಆಚೆ ಹೋಗು ಎಂದೆ. ಮೂತಿ ತಿರುವಿ ಹೋದಳು.

ಮೂರನೆಯದು ಮುಗಿಯಿತು. ಅದರ ಮುಂದಿನದೂ ಮುಗಿಯಿತು. ಗಂಡನ ಜೊತೆ ಜಗಳವಾಡಿ ಹೊರಟ ಹೆಂಗಸಿನ ಕತೆ ಓದಿದೆ. ಅವಳದೇ ಸರಿ. ಗಂಡ ಮಹಾ ಸೋಮಾರಿ. ಓದುವಾಗ ಬೆವರು ಸುರಿಯಿತು. ಗೋಣಿ ಹೊರುವುದೇ ಹಗುರ. ಆದರೂ ಮುಗಿಸಿದೆ. ಮುಗಿಸಿ ಮರಳಿ ಓದಿದೆ.

ಈ ದಿನ ಪೀಪಾಯಿಯ ಚೀಟಿ ಓದಿದೆ. ನೀಲಿ ಎಂದು ಇದೆ. ಅದು ನೀಲಿ ಎಂದು ನನಗೆ ಮೊದಲೇ ತಿಳಿದಿದೆ. ರಂಗು ನೋಡಿ ತಿಳಿಯುವವನು ನಾನು. ಆದರೆ ಈ ದಿನ ಚೀಟಿಯೇ ಹೇಳಿತು. ಮನೆಗೆ ಬಂದು ಅವಳಿಗೆ ಹೇಳಿದೆ. ಅವಳು ಮುಖ ಒರೆಸಿದಳು. ನಗುವೋ ಅಳುವೋ ತಿಳಿಯದೆ ನಾನು ತಲೆ ತುರಿಸಿದೆ.

ಮಾತು ಬಹಳ ಇವೆ. ಕೈ ನಿಧಾನ. ಏನು ಬರೆಯಲಿ ಹೇಳು.

ದೊರೆ

ಮಾರ್ಚ್ 11

ದೊರೆಗೆ,

ಕಾಗದ ಬಂತು. ಮೂರು ಸಲ ಓದಿದೆ. ಮೇಜಿನ ಮೇಲೆ ಇಡಲು ಭಯ, ಯಾರಾದರೂ ನೋಡಿಯಾರು. ಹಾಗಾಗಿ ಚೀಲದ ಒಳಗೇ ಇರಿಸಿರುವೆ. ನಾನು ಹೋದ ಕಡೆಗೆ ಅದೂ ಬರುವುದು.

ಆ ಹೆಂಗಸಿನ ಕತೆ ಬರೆದವಳು ನಾನೇ. ಗಂಡ ಪಾಪದವನು ಎಂದು ನಮಗೆ ಮೇಲಿನವರು ಹೇಳಿದರು. ಅವಳದೇ ಸರಿ ಎಂದು ನೀನು ಹೇಳಿದೆ. ಈಗ ನನಗೆ ಬಲ ಬಂತು.

ಐದನೆಯದು ಇದರ ಜೊತೆಗಿದೆ. ಅದು ಮುಗಿದ ಮೇಲೆ ನೀನೇ ಒಂದು ಕತೆ ಬರೆ. ನಿನಗೆ ಆದ ಸಂಗತಿಯೇ ಆಗಬೇಕು. ಎದೆಯ ಒಳಗೆ ಕೂತು ಕೊರೆಯುವ ಮಾತು ಬರೆ. ಅಂಥ ಮಾತಾದರೆ ಕೈ ತಾನಾಗಿಯೇ ಓಡುವುದು. ಬೇರೆ ಯಾರಿಗೂ ನಾನು ಹೇಳಲಾರೆ. ನಾನು ಗಿಳಿಯಾದರೂ ಬಾಯಿ ಬಿಗಿ.

ಗಿಳಿ

ಏಪ್ರಿಲ್ 6

ಗಿಳಿಗೆ,

ಐದನೆಯದು ಮುಗಿಯಿತು. ನೀನು ಕೇಳಿದ ಕತೆ ಬರೆದಿರುವೆ. ಏಳು ದಿನ ಹಿಡಿಯಿತು. ಇದು ನಿನಗೆ. ಬೇರೆ ಯಾರಿಗೂ ಬೇಡ. ಅವಳಿಗೂ ತಿಳಿಯದು. ಓದಿ ಹರಿದು ಹಾಕು.

ಹದಿನಾರು ವರುಷದ ಹಿಂದಿನ ಮಾತು. ನಾನೂ ಒಂಟೆಯೂ ಜೊತೆಗೆ ಕೆಲಸ. ಒಂಟೆ ನೆನಪಿದೆಯೇ? ಬಾಗಿಲಿಗೆ ತಲೆ ತಾಗುವ ಆಳು. ನಿನಗೆ ಮದುವೆಯಾದ ದಿನ, ಏಣಿಯೇ ಬೇಡ ಎಂದು ದೀಪದ ಸರ ಏರಿಸಿದವನು ಅವನೇ.

ಆ ದಿನ ದಾರದ ರಾಶಿಗೆ ಕಡು ನೀಲಿ ಹಾಕಬೇಕು. ಒಂಟೆ ಊಟ ಮಾಡಲು ಹೊರಟ. ಹೋಗುವಾಗ ಹೇಳಿದ, ಪೀಪಾಯಿ ಬದಲಾಗಿದೆ, ಚೀಟಿ ನೋಡಿ ಸುರಿ. ನಾನು ಹೂಂ ಎಂದೆ. ಎರಡು ಪೀಪಾಯಿ. ಎರಡೂ ಒಂದೇ ತರಹ, ಗುರುತು ಇರದು, ರಂಗೂ ಹೊರಗೆ ಕಾಣದು. ಚೀಟಿ ಮಾತಾಡದು. ಯಾರಿಗಾದರೂ ಕೇಳೋಣ ಎಂದರೆ ನಾಚಿಕೆ. ಊಹೆ ಮಾಡಿದೆ. ಒಂದು ಆರಿಸಿದೆ. ಸುರಿದೆ.

ದಾರ ಪೂರಾ ಹಾಳಾಯಿತು. ರಾಶಿ ರಾಶಿ ದಾರ, ಕೆಸರಿನ ರಂಗು. ಯಜಮಾನರು ಬಂದರು. ಸುರಿದವನು ಯಾರು ಎಂದರು. ಪಾಳಿ ಒಂಟೆಯದು. ಒಂಟೆ ನಾನು ನಿಂತ ಕಡೆ ನೋಡಿದ. ನಾನು ನೆಲ ನೋಡಿದೆ. ನಾನೇ ಸುರಿದೆ ಎಂದರೆ, ಚೀಟಿ ಯಾಕೆ ನೋಡದೆ ಸುರಿದೆ ಎಂದು ಕೇಳುವರು. ಓದಿ ತೋರಿಸು ಎಂದಾರು. ಆಗ ಕತೆ ಮುಗಿಯಿತು. ಹಾಗಾಗಿ ಬಾಯಿ ತೆರೆಯದೆ ನಿಂತೆ.

ಒಂಟೆಯೂ ಏನೂ ಹೇಳದೆ ನಿಂತ. ಸಂಜೆಗೆ ಅವನ ಕೆಲಸ ಹೋಯಿತು. ಗೇಟಿನವರೆಗೆ ನಾನು ಜೊತೆಗೆ ಹೋದೆ. ಬರಲಾ, ಎಂದ. ಹೂಂ ಎಂದೆ. ಅದೇ ಕೊನೆಯ ಮಾತು.

ಅಂದಿನಿಂದ ಕಾಗದ ತುಂಬುವ ದಿನ ಬಂದರೆ ಬಲಗೈಗೆ ಅರಿವೆ ಬಿಗಿದು ಹೋಗುವೆ. ಕೈ ಗಾಯ, ನೀವೇ ಬರೆಯಿರಿ ಎಂದು ಹೇಳುವೆ. ಹದಿನಾರು ವರುಷದಿಂದ ಅದೇ ಗಾಯ. ಈಗ ಓದಲು ಬಂದ ಮೇಲೆ ಆ ಎರಡು ಚೀಟಿ ದಿನವೂ ಎದುರಿಗೆ ಬರುವುವು. ಈಗಾದರೆ ಓದುವೆನು. ಎರಡೇ ಮಾತು. ಎರಡು ಮಾತಿಗಾಗಿ ಒಂದು ಸಂಸಾರ ಬೀದಿಗೆ ಬಂತು.

ನೀನಿರುವೆ ಎಂದು ಬರೆದೆ.

ದೊರೆ

ಜುಲೈ 14

ಅಣ್ಣ,

ನಿನ್ನ ಕಾಗದ ತಲುಪಿದೆ. ಉತ್ತರ ವಿಳಂಬವಾದದ್ದಕ್ಕೆ ಕ್ಷಮೆ ಇರಲಿ. ಕಾರ್ಯಾಲಯದಲ್ಲಿ ವಾರ್ಷಿಕ ಪರಿಷ್ಕರಣೆಯ ಒತ್ತಡ ವಿಪರೀತವಾಗಿತ್ತು. ಆರನೇ ಪುಸ್ತಕದ ಮುದ್ರಣದಲ್ಲಿ ತಾಂತ್ರಿಕ ದೋಷ ಕಂಡುಬಂದಿರುವುದರಿಂದ ಅದರ ವಿತರಣೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದೆ. ಆದ್ದರಿಂದ ಏಳನೆಯದನ್ನು ಕಳುಹಿಸುತ್ತಿದ್ದೇನೆ. ಒತ್ತಕ್ಷರದ ಅಭ್ಯಾಸಕ್ಕಾಗಿ ಕೆಲವು ಹಾಳೆಗಳನ್ನು ನಾನೇ ಬರೆದು ಜೊತೆಗಿಟ್ಟಿದ್ದೇನೆ. ಏಳನೆಯದು ಸ್ವಲ್ಪ ಕ್ಲಿಷ್ಟ. ಕಷ್ಟವೆನಿಸಿದರೆ ಬಲವಂತ ಮಾಡಿಕೊಳ್ಳಬೇಡ, ಇಲ್ಲಿಯವರೆಗೆ ಬಂದದ್ದೇ ದೊಡ್ಡ ಸಾಧನೆ.

ನೀನು ಬರೆದ ಸಂಗತಿಯ ಕುರಿತು ಮುಂದೆ ವಿವರವಾಗಿ ಬರೆಯುತ್ತೇನೆ. ಧೈರ್ಯದ ಕೆಲಸ.

ಗಿಳಿ

ಆಗಸ್ಟ್ 20

ಗಿಳಿ,

ನಿನ್ನ ಕಾಗದ ಬಂದ ದಿನ ನನಗೆ ಅದರಲ್ಲಿ ಓದಲು ಸಿಕ್ಕಿದ್ದು ನಾಲ್ಕೈದು ಪದ. ನಿನ್ನ ಅತ್ತಿಗೆಯ ಹತ್ತಿರ ಓದಿಸೋಣವೆಂದರೆ, ಒಳಗೆ ಒಂಟೆಯ ಮಾತು ಇದ್ದರೆ ಏನು ಗತಿ? ಮಡಚಿ ಜೇಬಿಗೆ ಹಾಕಿದೆ. ನೀನು ಕಳಿಸಿದ ಹಾಳೆ, ಜೊತೆಗೆ ಏಳನೆಯದನ್ನು ಹಿಡಿದು ಕೂತೆ. ಒಂದು ತಿಂಗಳು ಬೇರೇನೂ ಮಾಡಲಿಲ್ಲ. ಊಟಕ್ಕೆ ಕೂತಾಗಲೂ ಹಾಳೆ. ತಟ್ಟೆಯಲ್ಲಿ ಬೆರಳಿನಿಂದ ಒತ್ತು ಬರೆಯುತ್ತಿದ್ದೇನೆ ಅಂತ ಅವಳು ನಕ್ಕಳು. ಮೊನ್ನೆ ನಿನ್ನ ಕಾಗದ ತೆಗೆದು ಪೂರಾ ಓದಿದೆ. 'ತಾತ್ಕಾಲಿಕವಾಗಿ ಸ್ಥಗಿತ' ಅನ್ನುವುದಕ್ಕೆ ಒಂದು ಇಡೀ ಸಂಜೆ ಹೋಯಿತು. ಇಷ್ಟಕ್ಕೇನಾ ಇಷ್ಟು ದೊಡ್ಡ ಮಾತು ಅಂದುಕೊಂಡೆ. ನಿಂತಿದೆ ಅಂತ ಬರೆದಿದ್ದರೆ ಆಗುತ್ತಿರಲಿಲ್ಲವೇ?

ಒಂದು ನಿಜ ಹೇಳಲೇ? ಮೂರು ತಿಂಗಳು ನಿನ್ನಿಂದ ಸುದ್ದಿ ಇಲ್ಲದಾಗ, ನಾನು ಒಂಟೆಗೆ ಮಾಡಿದ್ದನ್ನು ಓದಿ ನಿನಗೆ ನನ್ನ ಮೇಲೆ ಅಸಹ್ಯ ಹುಟ್ಟಿದೆ ಅಂತ ತಿಳಿದಿದ್ದೆ. ಬರೆಯಬಾರದಿತ್ತು ಅಂತ ಎಷ್ಟು ಸಲ ಹಲುಬಿದೆನೋ. 'ಧೈರ್ಯದ ಕೆಲಸ' ಅಂತ ಓದಿದ ಮೇಲೆ ಉಸಿರು ಬಂತು.

ಏಳನೆಯದೂ ಮುಗಿಯುತ್ತಾ ಬಂತು. ಕಷ್ಟ ಹೌದು, ಬಿಡುವಷ್ಟು ಕಷ್ಟ ಅಲ್ಲ.

ಈಗ ಸುದ್ದಿ ಕೇಳು. ಕೆಲಸದ ಜಾಗದಲ್ಲಿ ಹಳಬರಿಗೆ ಓದಿನ ಕ್ಲಾಸು ಶುರು ಮಾಡುತ್ತಿದ್ದಾರೆ. ಬುಧವಾರ ಪಾಳಿ ಮುಗಿದ ಮೇಲೆ, ಕ್ಯಾಂಟೀನಿನಲ್ಲಿ. ಮ್ಯಾನೇಜರು ಒಂದು ಪಟ್ಟಿ ಹಿಡಿದು ಬಂದರು. ನಾನು ಕೈಗೆ ಏನೂ ಸುತ್ತಿಕೊಳ್ಳದೆ ಎದ್ದು ಹೋಗಿ ನನ್ನ ಹೆಸರು ನಾನೇ ಬರೆದೆ. ಹಿಂದೆ ತಿರುಗಿ ನೋಡಿದರೆ ತೊಟ್ಟಿಯ ಮುದುಕ ನಿಂತಿದ್ದಾನೆ, ದಾರ ತೊಳೆಯುವ ತೊಟ್ಟಿಯವನು, ನನಗಿಂತ ಹಳಬ. "ನೀನೂನಾ?" ಅಂದ. "ನೀನೂನಾ?" ಅಂದೆ. ಇಬ್ಬರೂ ನಕ್ಕೂ ನಕ್ಕೂ ಸುಸ್ತಾದೆವು. ಒಟ್ಟು ಆರು ಜನ. ಇಷ್ಟು ವರುಷ ನಾನೊಬ್ಬನೇ ಅಂದುಕೊಂಡಿದ್ದೆನಲ್ಲ, ಎಂಥ ದಡ್ಡ.

ಕಲಿಸಲು ಬರುವ ಟೀಚರ್ ಹತ್ತಿರ ನಿಮ್ಮ ಎಂಟೂ ಪುಸ್ತಕ ಇವೆಯಂತೆ. ಆರನೆಯದೂ ಇದೆಯಂತೆ! ನಿಮ್ಮ ಆಫೀಸಿನಲ್ಲೇ ಸಿಗದ್ದು ನನಗೆ ಸಿಗುತ್ತದೆ, ನೋಡುತ್ತಿರು.

ಅಣ್ಣ

ಆಗಸ್ಟ್ 28

ಅಣ್ಣ,

ಆ ಕ್ಲಾಸಿಗೆ ಹೋಗಬೇಡ. ನೀನು ಅವರೆಲ್ಲರಿಗಿಂತ ಮುಂದಿದ್ದೀಯ, ಅಲ್ಲಿ ಕೂತರೆ ನಿನ್ನ ಓದು ಕುಂಟುತ್ತದೆ. ಆರನೆಯದನ್ನು ಓದುವ ಅಗತ್ಯವೇ ಇಲ್ಲ, ಏಳು ಓದಿದವನಿಗೆ ಆರು ಯಾಕೆ? ಅದರಲ್ಲಿ ತಪ್ಪುಗಳಿವೆ. ಎಂಟನೆಯದನ್ನು ಇವತ್ತೇ ಕಳಿಸುತ್ತಿದ್ದೇನೆ. ಅದನ್ನೇ ಓದು.

ಮುಂದಿನ ತಿಂಗಳು ರಜೆ ಹಾಕಿ ಬರುತ್ತೇನೆ. ಎದುರು ಕೂತು ಹೇಳಬೇಕಾದ ಮಾತೊಂದಿದೆ, ಕಾಗದದಲ್ಲಿ ಆಗುವುದಿಲ್ಲ. ಅಲ್ಲಿಯವರೆಗೆ ನನ್ನ ಮಾತು ಕೇಳು, ದಯವಿಟ್ಟು.

ಗಿಳಿ

ಸೆಪ್ಟೆಂಬರ್ 5

ಗಿಳಿ,

ನಿನ್ನ ಕಾಗದ ಗುರುವಾರ ಬಂತು. ಕ್ಲಾಸು ಬುಧವಾರ ಆಗಿ ಹೋಗಿತ್ತು.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನೀನು ಓದಬೇಕು. ಕ್ಯಾಂಟೀನಿನ ಉದ್ದ ಮೇಜು, ಈ ಕಡೆ ಮೂವರು, ಆ ಕಡೆ ಮೂವರು, ತಲೆಯ ಕಡೆ ಟೀಚರ್. ಯಾರು ಎಲ್ಲಿಯವರೆಗೆ ಓದುತ್ತಾರೆ ನೋಡೋಣ ಅಂತ ಆರನೆಯದನ್ನೇ ಕೈಗೆ ಕೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ಪುಟ. ಕತೆಯ ಹೆಸರು 'ಬಣ್ಣದ ಡಬ್ಬ'. ನಮ್ಮ ಕೆಲಸದ ಮಾತೇ ಇದೆಯಲ್ಲ ಅಂತ ಎಲ್ಲರಿಗೂ ಖುಷಿ. ತೊಟ್ಟಿಯ ಮುದುಕ ಒಂದನೆಯ ಪುಟವನ್ನು ಬೆರಳಿಟ್ಟು ಎಳೆದೂ ಎಳೆದೂ ಮುಗಿಸಿದ. ಯಾರೋ ಇಬ್ಬರು ಒಟ್ಟಿಗೆ ಕೆಲಸ ಮಾಡುತ್ತಾರೆ, ಒಬ್ಬ ತುಂಬ ಎತ್ತರದವನು, ಅಷ್ಟೇ. ಎರಡನೆಯ ಪುಟ ನನ್ನದು.

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಎಲ್ಲೂ ನಿಲ್ಲಲಿಲ್ಲ. ಗಾಡಿ ಇಳಿಜಾರಿನಲ್ಲಿ ಹೋದ ಹಾಗೆ ಹೋಯಿತು. ಟೀಚರ್ ತಲೆ ಆಡಿಸಿದರು, ಉಳಿದವರು ಬಾಯಿ ಬಿಟ್ಟು ನೋಡುತ್ತಿದ್ದರು. ನನಗೆ ಎಂಥ ಹೆಮ್ಮೆ ಅಂತೀಯ. ಓದುವ ಸಂಭ್ರಮದಲ್ಲಿ ಏನು ಓದುತ್ತಿದ್ದೇನೆ ಅನ್ನುವ ಗ್ಯಾನವೇ ಇರಲಿಲ್ಲ. 'ಅಣ್ಣ ಡಬ್ಬದ ಮೇಲಿನ ಚೀಟಿ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಕೇಳಲು ನಾಚಿಕೆ. ಸುಮ್ಮನೆ ಒಂದು ಡಬ್ಬ ಎತ್ತಿ ಸುರಿದ.' ಅಲ್ಲಿಗೆ ಬಂದಾಗ ಓದು ನಿಂತಿತು.

ತೊಟ್ಟಿಯ ಮುದುಕ ಕೇಳಿದ, "ಯಾಕೆ ನಿಲ್ಲಿಸ್ದೆ? ಓದಪ್ಪ ಮುಂದಕ್ಕೆ. ಚೆನ್ನಾಗಿದೆ."

ಪುಸ್ತಕ ಮುಚ್ಚಿ ಎದ್ದು ಹೋಗಬಹುದಿತ್ತು. ಎದ್ದರೆ ನಾನೇ ಅಂತ ಒಪ್ಪಿಕೊಂಡ ಹಾಗೆ. ಓದಿದೆ, ಗಿಳಿ. ದಾರ ಹಾಳಾದದ್ದು ಓದಿದೆ. ಎತ್ತರದವನು ಅಣ್ಣನ ಕಡೆ ನೋಡಿದ್ದು, ಅಣ್ಣ ನೆಲ ನೋಡಿದ್ದು ಓದಿದೆ. ಎತ್ತರದವನ ಕೆಲಸ ಹೋದದ್ದು ಓದಿದೆ. ಕಾಗದ ತುಂಬುವ ದಿನ ಅಣ್ಣ ಬಲಗೈಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದದ್ದೂ ಓದಿದೆ. ಅದು ಓದುವಾಗ ಮೇಜಿನ ಸುತ್ತ ಕೂತ ಅಷ್ಟೂ ಜನರ ಕಣ್ಣು ನನ್ನ ಬಲಗೈ ಮೇಲಿತ್ತು. ಆ ಬಟ್ಟೆಯನ್ನು ಅವರೆಲ್ಲ ಹದಿನಾರು ವರುಷದಿಂದ ನೋಡಿದವರು. ಎಷ್ಟೋ ಸಲ ನನ್ನ ಪರವಾಗಿ ಬರೆಸಿ ಕೊಡಲು ಓಡಾಡಿದವರು.

ಮುದುಕ ನಿಧಾನವಾಗಿ ಕೇಳಿದ, "ಕೈ ಗಾಯ ವಾಸಿಯಾಯ್ತೇನಪ್ಪ?"

ಯಾರೂ ನಗಲಿಲ್ಲ. ಆಮೇಲೆ ಅವನೇ ಅಂದ, "ಒಂಟೆ ಮನೆ ಖಾಲಿ ಮಾಡ್ದಾಗ ಸಾಮಾನು ಹೊತ್ತವನು ನಾನು. ಅವನ ಹೆಂಡ್ತಿ ಅಳ್ತಾ ಇದ್ಲು. ನೀನೂ ಒಂದು ಮಂಚ ಹೊತ್ತಿದ್ದೆ, ನೆನಪಿದ್ಯಾ?"

ಅದನ್ನು ನಾನು ನಿನಗೆ ಬರೆದಿರಲಿಲ್ಲ. ಬರೆದಿದ್ದರೆ ಅದೂ ಪುಸ್ತಕಕ್ಕೆ ಹೋಗುತ್ತಿತ್ತು.

ಈಗ ಊಟದ ಹೊತ್ತಿಗೆ ನನ್ನ ಬೆಂಚಿಗೆ ಯಾರೂ ಬರುವುದಿಲ್ಲ. ಎರಡೇ ದಿನದಲ್ಲಿ ಮಾತು ಮನೆಗೂ ಮುಟ್ಟಿತು. ನಿನ್ನ ಅತ್ತಿಗೆ ಕೂಗಾಡಲಿಲ್ಲ. "ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ? ಇಪ್ಪತ್ತೆಂಟು ವರ್ಷದಿಂದ ಒಂದೇ ಮನೇಲಿ ಇದ್ದೀವಿ" ಅಂದಳು. ಅಷ್ಟು ಹೇಳಿ ಕಸ ಗುಡಿಸಲು ಹೋದಳು. ಅವಳಿಗೂ ಹೇಳದ್ದನ್ನು ನಾನು ನಿನಗೆ ಹೇಳಿದ್ದೆ. ಹರಿದು ಹಾಕು ಅಂತ ಬರೆದಿದ್ದೆ.

ನಾನು ಹುಟ್ಟಿ ಬೆಳೆದು ಒಂದು ಅಕ್ಷರಕ್ಕೂ ತಡವರಿಸದೆ ಓದಿದ ಮೊದಲನೆಯ ಪುಟ ಅದು. ಬೇರೆ ಯಾವುದಾದರೂ ಆಗಬಹುದಿತ್ತು.

ಮುದ್ರಣದ ದೋಷ ಅಂದೆಯಲ್ಲ, ಆ ದೋಷ ಯಾವುದು? ಹೇಳು. ನನಗೆ ಈಗ ಎಂಥ ದೊಡ್ಡ ಮಾತು ಬರೆದರೂ ಓದಲು ಬರುತ್ತದೆ.

ಅಣ್ಣ

ಸೆಪ್ಟೆಂಬರ್ 14

ಅಣ್ಣ,

ದೋಷ ಏನೂ ಇರಲಿಲ್ಲ. ಪುಸ್ತಕ ಜೂನ್ ತಿಂಗಳಲ್ಲೇ ಚೆನ್ನಾಗಿ ಅಚ್ಚಾಗಿ ಬಂತು. ನಾನು ಸುಳ್ಳು ಹೇಳಿದೆ.

ಹೇಗಾಯಿತು ಅಂತ ಹೇಳುತ್ತೇನೆ, ತಪ್ಪಿಸಿಕೊಳ್ಳಲಿಕ್ಕಲ್ಲ. ಆರನೆಯ ಪುಸ್ತಕಕ್ಕೆ ನಾನು ಬರೆದ ಮೂರು ಕತೆ ತಿರಸ್ಕಾರವಾಗಿದ್ದವು. ಜೀವ ಇಲ್ಲ, ಅಕ್ಷರ ಕಲಿಸಲು ಬರೆದ ಹಾಗಿದೆ ಅಂದರು. ಆರರಲ್ಲಿ ಒಂದಕ್ಷರಕ್ಕೆ ಅದೇ ಅಕ್ಷರದ ಒತ್ತು ಮಾತ್ರ ಹಾಕಬೇಕು. ಬಣ್ಣ, ಡಬ್ಬ, ತಪ್ಪು, ಅಣ್ಣ, ಸುಮ್ಮನೆ, ಇಲ್ಲ. ಪದಗಳ ಪಟ್ಟಿ ಮಾಡುತ್ತಾ ಕೂತಿದ್ದೆ, ಚೀಲದಲ್ಲಿ ನಿನ್ನ ಕಾಗದ ಇತ್ತು. ನಿನ್ನ ಕತೆಗೆ ಬೇಕಾದ ಮಾತುಗಳೆಲ್ಲ ಆ ಪಟ್ಟಿಯಲ್ಲೇ ಸಾಲಾಗಿ ನಿಂತಿದ್ದವು. ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಹೆಸರು ತೆಗೆದೆ, ಪೀಪಾಯಿಯನ್ನು ಡಬ್ಬ ಮಾಡಿದೆ, ಇಷ್ಟು ಸಾಕು ಅಂದುಕೊಂಡೆ. ಓದಿದವರೆಲ್ಲ ಇಂಥದ್ದು ಬಂದೇ ಇರಲಿಲ್ಲ ಅಂದರು. ನನ್ನನ್ನು ವಿಭಾಗಕ್ಕೆ ಮುಖ್ಯಸ್ಥೆ ಮಾಡಿದರು. ಅದನ್ನೂ ನಿನಗೆ ಹೇಳಿರಲಿಲ್ಲ.

ಇದಕ್ಕಿಂತ ಕೆಟ್ಟದ್ದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಅದು ಹುಳ ಕೊರೆದ ಹಾಗೆ ಒಳಗೇ ಕೊರೆಯುತ್ತದೆ. ಒತ್ತಕ್ಷರದ ಹತ್ತಿರ ಬಂದು ಹತ್ತರಲ್ಲಿ ಎಂಟು ಜನ ಬಿಟ್ಟುಬಿಡುತ್ತಾರೆ. ನೀನೂ ಬಿಡುತ್ತೀಯ ಅಂದುಕೊಂಡಿದ್ದೆ. ಆ ಧೈರ್ಯದ ಮೇಲೇ ಬರೆದೆ. ಏಳನೆಯದನ್ನು ನೇರವಾಗಿ ಕಳಿಸಿದ್ದು ಯಾಕೆ ಗೊತ್ತಾ? ಮಧ್ಯದ ಮೆಟ್ಟಿಲು ಇಲ್ಲದಿದ್ದರೆ ಹತ್ತಲಾಗದೆ ನಿಂತುಬಿಡಲಿ ಅಂತ. ಆಮೇಲೆ ಮನಸ್ಸು ತಡೆಯದೆ ಹಾಳೆ ಬರೆದು ಇಟ್ಟವಳೂ ನಾನೇ. ಒಂದು ಕೈಯಲ್ಲಿ ತಳ್ಳಿ ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ. ನೀನು ಆ ಹಾಳೆಗಳಿಂದಲೇ ಕಲಿತೆ ಅಂತ ಓದಿದ ದಿನ ಆಫೀಸಿನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಾನು ಮಾಡಿದ್ದು ದ್ರೋಹ. ಬೇರೆ ಹೆಸರಿಲ್ಲ. ಆದರೂ ಒಂದು ಮಾತು ಕೇಳುತ್ತೇನೆ, ಬೈದರೆ ಬೈಯಿ. ಅದು ನಿನ್ನ ಒಬ್ಬನ ಕತೆಯೇ? ಒಂಟೆಯದೂ ಅಲ್ಲವೇ? ಹದಿನಾರು ವರ್ಷ ಅವನ ತಲೆಯ ಮೇಲಿದ್ದ ಹೊರೆಯನ್ನು ನಾನು ಇಳಿಸಿದೆ, ಕೆಟ್ಟ ರೀತಿಯಲ್ಲಿ ಇಳಿಸಿದೆ. ನೀನು ಯಾವ ರೀತಿಯಲ್ಲೂ ಇಳಿಸಲಿಲ್ಲ.

ನಾನು ಬರಲೇ? ಬಾ ಅಂದರೆ ನಾಳೆಯೇ ಹೊರಡುತ್ತೇನೆ.

ಗಿಳಿ

ಅಕ್ಟೋಬರ್ 19

ಗಿಳಿ,

ಬರಬೇಡ.

ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ಉತ್ತರಿಸಲು ತಡವಾಯಿತು. ಒಂಟೆ ಎಲ್ಲಿದ್ದಾನೆ ಅಂತ ತೊಟ್ಟಿಯ ಮುದುಕನಿಗೆ ಗೊತ್ತಿತ್ತು. ಮೊದಲು ಹೇಳಲಿಲ್ಲ. ಮೂರನೆಯ ಸಲ ಕೇಳಿದಾಗ ಒಂದು ಚೀಟಿಯಲ್ಲಿ ವಿಳಾಸ ಬರೆಸಿ ತಂದು ಮೇಜಿನ ಮೇಲೆ ಇಟ್ಟು ಹೋದ. ನಾನೇ ಓದಿಕೊಂಡು, ಬಸ್ಸಿನ ಬೋರ್ಡು ಓದಿಕೊಂಡು ಹೋದೆ. ದಾರಿಯಲ್ಲಿ ಯಾರನ್ನೂ ಕೇಳಲಿಲ್ಲ.

ಒಂದು ಆಸ್ಪತ್ರೆಯ ಗಾಡಿ ನಿಲ್ಲಿಸುವ ಜಾಗದಲ್ಲಿ ಕಾವಲು ಕೆಲಸ. ಬೆನ್ನು ಬಾಗಿದೆ, ಈಗ ನನ್ನಷ್ಟೇ ಎತ್ತರ. ನನ್ನನ್ನು ಕಂಡು ಗುರುತು ಹಿಡಿದ, ಕೂರು ಅನ್ನಲಿಲ್ಲ. ನಿಂತೇ ಹೇಳಿದೆ. ಓದಲು ಬರುತ್ತಿರಲಿಲ್ಲ, ಸುರಿದವನು ನಾನು, ಬಾಯಿ ಬಿಡಲಿಲ್ಲ. ಅವನು ಗಾಡಿಗಳ ಕಡೆ ನೋಡುತ್ತಲೇ ಕೇಳಿಸಿಕೊಂಡ.

"ನಿಂಗೆ ಓದೋಕೆ ಬರಲ್ಲ ಅಂತ ಮೊದಲನೇ ವಾರದಲ್ಲೇ ಗೊತ್ತಾಗಿತ್ತು ಮಾರಾಯ. ಚೀಟಿ ತಲೆಕೆಳಗೆ ಹಿಡ್ಕೊಂಡು ಹೂಂ ಹೂಂ ಅಂತಿದ್ದೆ" ಅಂದ.

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ನಿನ್ನ ಮಾನ ಹೋಗ್ತಿತ್ತು. ಅಲ್ದೆ ತಪ್ಪು ನಂದೂ ಇತ್ತು. ಗೊತ್ತಿದ್ದೂ ಚೀಟಿ ನೋಡಿ ಸುರಿ ಅಂದೆನಲ್ಲ. ಹೊಟ್ಟೆ ಹಸಿದಿತ್ತು, ಜ್ಞಾಪಕ ಬರ್ಲಿಲ್ಲ. ನಿನ್ನ ಗುಟ್ಟು ನೀನೇ ಹೇಳ್ಬೇಕು, ನಾನು ಹೇಳೋದಲ್ಲ. ಹೇಳ್ತೀಯ ಅಂತ ಕಾದೆ. ಗೇಟಿನವರೆಗೂ ಕಾದೆ."

ಆಮೇಲೆ ಒಂದು ಗಾಡಿ ಬಂತು, ಅವನು ಎದ್ದು ಜಾಗ ತೋರಿಸಲು ಹೋದ. ತಿರುಗಿ ಬಂದು, "ಬಂದಿದ್ದು ಒಳ್ಳೇದಾಯ್ತು. ಇನ್ನು ಬರ್ಬೇಡ" ಅಂದ. ನಾನು ಹೂಂ ಅಂದೆ.

ಮರುದಿನ ಮ್ಯಾನೇಜರಿಗೆ ಎಲ್ಲ ಬರೆದು ಕೊಟ್ಟೆ. ಒಂದೂವರೆ ಪುಟ, ನನ್ನ ಕೈಬರಹ, ಕೆಳಗೆ ನನ್ನ ರುಜು. ಒಂಟೆಯ ಹೆಸರಿನ ಮೇಲಿರುವ ಕಲೆ ಅಳಿಸಿ ಅಂತ ಕೇಳಿದ್ದೇನೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಸೋಮವಾರ ಹೇಳುತ್ತಾರಂತೆ. ನಿನ್ನ ಅತ್ತಿಗೆ ಓದಿ ನೋಡಿ ಒಂದು ಕಡೆ ತಿದ್ದಿದಳು. ಆ ಕಾಗದದ ನೆಪದಲ್ಲಿ ನಮ್ಮಿಬ್ಬರಿಗೂ ಮಾತು ಶುರುವಾಯಿತು. ಕ್ಲಾಸು ಬಿಟ್ಟಿಲ್ಲ. ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತದೆ, ಓದಲು ಪಕ್ಕದವರ ಅಗತ್ಯ ಇಲ್ಲ.

ನೀನು ನನ್ನ ಗುಟ್ಟು ಬಯಲು ಮಾಡಿದ್ದನ್ನು ಒಂದಲ್ಲ ಒಂದು ದಿನ ನುಂಗಿಕೊಂಡೇನು. ನಾನು ಮಾಡಿದ್ದಕ್ಕೆ ನನಗೆ ಆಗಬೇಕಾದ್ದೇ ಆಯಿತು ಅಂತಲೂ ಒಪ್ಪಿಕೊಂಡೇನು. ಆದರೆ ನೀನು ಪುಸ್ತಕ ಕಳಿಸುತ್ತಾ, ಭೇಷ್ ಅನ್ನುತ್ತಾ, ನಾನು ಎಲ್ಲಿ ಬಿದ್ದು ನಿಲ್ಲುತ್ತೇನೆ ಅಂತ ಕಾಯುತ್ತಾ ಕೂತಿದ್ದೆಯಲ್ಲ, ಅದು ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ. ನಾಲ್ಕನೆಯ ತರಗತಿಯ ಮೇಷ್ಟ್ರು ಇವನಿಗೆ ಓದು ಹತ್ತುವುದಿಲ್ಲ ಅಂತ ಮುಖದ ಮೇಲೆ ಹೇಳಿ ಹಿಂದಿನ ಬೆಂಚಿಗೆ ಕಳಿಸಿದರು. ಅವರು ಹೇಳಿಯಾದರೂ ಕಳಿಸಿದರು.

ನಿನ್ನ ಎಂಟನೆಯ ಪುಸ್ತಕ ಬಿಚ್ಚಿಲ್ಲ, ವಾಪಸು ಕಳಿಸಿದ್ದೇನೆ. ಇನ್ನು ಕಾಗದ ಬೇಡ. ಬರೆದರೂ ನನಗೆ ಓದಲು ಬರುತ್ತದೆ, ಆದರೆ ಓದುವುದಿಲ್ಲ.

ಮುಖ್ಯಸ್ಥೆಯವರಿಗೆ ಒಂದು ಕೆಲಸ ಇದೆ. ಆರನೇ ಪುಸ್ತಕದ ಕೊನೆಯ ಪುಟದಲ್ಲಿ 'ಅಣ್ಣನ ಗುಟ್ಟು ಯಾರಿಗೂ ಗೊತ್ತಾಗಲಿಲ್ಲ' ಅಂತ ಅಚ್ಚಾಗಿದೆ. ಅದು ತಪ್ಪು. ಒಬ್ಬನಿಗೆ ಗೊತ್ತಿತ್ತು, ಕೆಲಸ ಹೋದರೂ ಅವನು ಯಾರಿಗೂ ಹೇಳಲಿಲ್ಲ. ಮುಂದಿನ ಸಲ ಅಚ್ಚು ಹಾಕಿಸುವಾಗ ತಿದ್ದಿಸು.

ಅಣ್ಣ